ಅಜ್ಜಿಯ ಬಾಣಲೆ ಹುಡುಕಲು ಹೋಗಿ ಎರಡೂವರೆ ವರ್ಷ ಆಯ್ತು, ನನ್ನ ಹಾಗೆ ನಿಧಾನಕ್ಕೆ ಆಡುವವರು ಯಾರಾದ್ರೂ ಇದ್ದೀರಾ?

ಪಯಸ್ವಿನಿದಡ (ಮುಳ್ಳೇರಿಯ):

ಮೊನ್ನೆ ಭಾನುವಾರ ಬಾವ ಬಂದಿದ್ದರು. ನಾನು ವಿಚರ್ 3 ಅನ್ನೋ ವಿಡಿಯೋ ಗೇಮ್ ಆಡ್ತಾ ಕೂತಿದ್ದೆ. ಹಿಂದಿನಿಂದ ಬಂದು ಪರದೆ ನೋಡಿದವರೇ, "ಎಂತ ಮಾರಾಯ, ನೀನಿನ್ನೂ ಇಲ್ಲೇ ಉಂಟಾ?" ಅಂತ ದೊಡ್ಡದಾಗಿ ನಕ್ಕರು. ಅವರು ಇದೇ ಆಟವನ್ನು ದಸರೆಗೆ ಹಿಡಿದು ದೀಪಾವಳಿಗೆ ಮುಗಿಸಿದವರು. ನಾನು ಶುರು ಮಾಡಿ ಎರಡೂವರೆ ವರ್ಷ. ಲೆಕ್ಕ 163 ಗಂಟೆ ತೋರಿಸ್ತದೆ. ಆಟದೊಳಗಿನ ಸ್ಕೆಲಿಗೆ ದ್ವೀಪಗಳಿಗೆ ಹೋಗುವ ಹಡಗು ಇನ್ನೂ ಹತ್ತಿಲ್ಲ. ಊಟಕ್ಕೆ ಕೂತಾಗ ಇದನ್ನು ಮನೆಯವರಿಗೆಲ್ಲ ಹೇಳಿ ಇನ್ನೊಂದು ಸಲ ನಕ್ಕರು.

ಗೊತ್ತಿಲ್ಲದವರಿಗೆ ಹೇಳ್ತೇನೆ. ಇದು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್‌ನವರು 2015ರ ಮೇ ತಿಂಗಳಲ್ಲಿ ಬಿಟ್ಟ ಆಟ. ಗೆರಾಲ್ಟ್ ಅನ್ನೋ ರಾಕ್ಷಸ ಬೇಟೆಗಾರ, ಅವನು ಸಾಕಿದ ಹುಡುಗಿ ಸಿರಿ, ಅವಳನ್ನು ಹುಡುಕಿಕೊಂಡು ಹೋಗುವ ಕಥೆ. ಬರೀ ಕಥೆ ಹಿಡಿದು ಓಡಿದರೆ ಸುಮಾರು 50 ಗಂಟೆ. ಓಡದಿದ್ದರೆ ನನ್ನ ಹಾಗೆ.

ನನ್ನ ದಿನ ಹೇಗೆ ಅಂದ್ರೆ, ಹಗಲು ತೋಟ, ಮಧ್ಯಾಹ್ನ ಸ್ವಲ್ಪ ಲೆಕ್ಕಪತ್ರದ ಕೆಲಸ, ರಾತ್ರಿ ಒಂಬತ್ತೂವರೆಯಿಂದ ಹನ್ನೊಂದು ಆಟ. ಅದೂ ಕರೆಂಟಿದ್ದರೆ. ಅಡಿಕೆ ಕೊಯ್ಲಿನ ಸಮಯದಲ್ಲಿ ತಿಂಗಳುಗಟ್ಟಲೆ ಮುಟ್ಟುವುದೇ ಇಲ್ಲ.

ನಾನು ಎಡವಿದ್ದು ಎಲ್ಲಿ ಅಂತ ಹೇಳ್ತೇನೆ ಕೇಳಿ. ಶುರುವಿನ ಹಳ್ಳಿ ವೈಟ್ ಆರ್ಚರ್ಡ್. ಯುದ್ಧ ಈಗಷ್ಟೇ ದಾಟಿ ಹೋಗಿದೆ. ಅಲ್ಲಿ ಒಂದು ಅಜ್ಜಿ ಹಾಕಿದ ಬಾಗಿಲ ಎದುರು ನಿಂತು ಕೂಗಾಡ್ತಾ ಇರ್ತದೆ. ಅವಳ ಬಾಣಲೆಯನ್ನು ಒಬ್ಬ ಕಡ ತಗೊಂಡು ಹೋಗಿ ವಾಪಸ್ ಕೊಟ್ಟಿಲ್ಲ. ಬೆನ್ನಿಗೆ ಎರಡೆರಡು ಕತ್ತಿ ಕಟ್ಟಿಕೊಂಡ ಆಸಾಮಿ ಹತ್ತಿರ ಅಜ್ಜಿ ಕೇಳುವುದು ಬಾಣಲೆ! ಬಾಗಿಲು ಒಡೆದು ಒಳಗೆ ಹೋದರೆ ಹೆಣ, ಸುಟ್ಟ ಕಾಗದ. ಬಾಣಲೆ ಮಾತ್ರ ಫಳಫಳ ಹೊಳೆಯುತ್ತಿದೆ. ಯಾಕೆ ಅಂದ್ರೆ ಅದರ ಮಸಿ ಕೆರೆದು ಶಾಯಿ ಮಾಡಿಕೊಂಡಿದ್ದಾನೆ ಪುಣ್ಯಾತ್ಮ, ಗುಟ್ಟಿನ ಕಾಗದ ಬರೆಯಲಿಕ್ಕೆ.

ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ತಾ ಬಂದು ಇದನ್ನು ನೋಡಿದರು. ನಾನು ಅರ್ಥ ಹೇಳಿದೆ. "ಮಸಿ ಕೆರೆದನಾ? ಹಾಗಾದ್ರೆ ಇನ್ನು ಆ ಕಾವಲಿಯಲ್ಲಿ ದೋಸೆ ಏಳುವುದಿಲ್ಲ" ಅಂದರು.

ಸಿಕ್ಕ ಕೂಲಿ ಹೇಳಿಕೊಳ್ಳುವಂಥದ್ದಲ್ಲ. ಆದರೆ ಆವತ್ತಿನಿಂದ ನಾನು ಯಾರು ಕರೆದರೂ ನಿಲ್ಲುವವನಾದೆ. ಬಾವನಿಗೆ ಆ ಬಾಣಲೆ ನೆನಪೇ ಇಲ್ಲ. ಅಲ್ಲ, ನೋಡಿಯೇ ಇಲ್ಲವಂತೆ. ಈಗ ಹೇಳಿ, ಯಾರು ಆಟ ಆಡಿದ್ದು?

ಕೋಟೆಬುಡ (ಬೇಕಲ):

ಎರಡೂವರೆ ವರ್ಷಕ್ಕೆ ಹೀಗೆ ನಾಚಿಕೊಂಡರೆ ಹೇಗೆ? ಸ್ಕೈರಿಮ್ ಆಟ ಬಂದದ್ದು 2011ರ ನವೆಂಬರ್ 11ಕ್ಕೆ. ನಾನು ಹಿಡಿದು ಒಂಬತ್ತು ವರ್ಷ. ಅದರಲ್ಲಿ ಗುಡ್ಡದ ತುದಿಯ ಮುದುಕರು ನಿಮ್ಮನ್ನು ಕೂಗಿ ಕರೀತಾರೆ, ಏಳು ಸಾವಿರ ಮೆಟ್ಟಿಲು ಹತ್ತಿ ಬಾ ಅಂತ. ನಾನಿನ್ನೂ ಹೋಗಿಲ್ಲ. ಪಾಪ, ಕಾಯ್ತಾ ಇದ್ದಾರೆ.

ಒಂದು ಸಂಗತಿ ಹೇಳ್ತೇನೆ, ನಿಧಾನಿಗಳಿಗೆ ಖುಷಿಯಾಗ್ತದೆ. ಸ್ಕೈರಿಮ್‌ನಲ್ಲಿ ನರಿ ಕಂಡರೆ ಅದರ ಹಿಂದೆ ಹೋಗಿ, ನಿಧಿ ಸಿಗ್ತದೆ ಅಂತ ಆಡುವವರ ನಡುವೆ ಒಂದು ನಂಬಿಕೆ ಇತ್ತು. ನಾನು ಹೋಗಿದ್ದೇನೆ. ಸಿಕ್ಕಿದೆ. ಹಾಳುಬಿದ್ದ ಗೋಪುರ, ಕಳ್ಳರ ಬಿಡಾರ, ಏನಾದರೊಂದು. 2021ರಲ್ಲಿ ಆಟ ಮಾಡಿದ ತಂಡದಲ್ಲಿದ್ದವರೇ ಇದರ ಗುಟ್ಟು ಹೇಳಿದರು. ನರಿಗೆ ನಿಧಿ ತೋರಿಸು ಅಂತ ಯಾರೂ ಕಲಿಸಿರಲಿಲ್ಲ. ಆಟದ ನೆಲವನ್ನು ಕಣ್ಣಿಗೆ ಕಾಣದ ತ್ರಿಕೋನಗಳಾಗಿ ತುಂಡು ಮಾಡಿರ್ತಾರೆ, ಪ್ರಾಣಿಗಳು ದಾರಿ ಹುಡುಕುವುದು ಅದರ ಮೇಲೆ. ನರಿ ಹೆದರಿ ಓಡುವಾಗ ಮೀಟರ್ ಲೆಕ್ಕ ಇಡುವುದಿಲ್ಲ, ತ್ರಿಕೋನಗಳ ಲೆಕ್ಕ ಇಡ್ತದೆ. ಖಾಲಿ ಗುಡ್ಡದಲ್ಲಿ ತ್ರಿಕೋನ ದೊಡ್ಡದು, ಕಮ್ಮಿ. ಮನೆ, ಗುಹೆ, ಸಾಮಾನು ಇರುವ ಕಡೆ ಸಣ್ಣ ಸಣ್ಣದು, ಜಾಸ್ತಿ. ಹಾಗಾಗಿ ನರಿ ಓಡುವುದೇ ಆ ಕಡೆ. ಮಾಡಿದವರಿಗೂ ಗೊತ್ತಿಲ್ಲದೆ ಆಗಿಹೋದ ಚಂದ ಅದು. ಒಂದೂರಿಂದ ಇನ್ನೊಂದೂರಿಗೆ ನಕ್ಷೆ ಒತ್ತಿ ಕ್ಷಣದಲ್ಲಿ ಹಾರುವವರಿಗೆ ಆ ನರಿ ಸಿಗುವುದಿಲ್ಲ.

ನಾನು ಈಗ ಸರ್ವೈವಲ್ ಮೋಡ್ ಹಾಕಿಕೊಂಡಿದ್ದೇನೆ. ಅದರಲ್ಲಿ ಹಾರುವ ಸೌಲಭ್ಯವೇ ಬಂದ್. ಬೇಕಾದ್ರೆ ಊರ ಬಾಗಿಲಲ್ಲಿ ಗಾಡಿ ಹಿಡೀಬೇಕು, ಇಲ್ಲ ನಡೀಬೇಕು. ಚಳಿ ಹಿಡೀತದೆ, ಹಸಿವಾಗ್ತದೆ. ಪಳ್ಳಿಕ್ಕರೆ ಸಮುದ್ರದ ಬಿಸಿ ಗಾಳಿಯಲ್ಲಿ ಬನಿಯನ್ ಹಾಕಿ ಕೂತು, ಪರದೆಯಲ್ಲಿ ಚಳಿಗೆ ನಡುಗುವುದರ ಮಜಾವೇ ಬೇರೆ.

ಕಾಲಮಿತಿ (ಕುಂಬಳೆ):

ಎಲ್ಲರೂ ಹೌದಪ್ಪಾ ಹೌದು ಅಂತ ತಲೆ ಆಡಿಸುವ ಮೊದಲು ನಾನೊಂದು ತಕರಾರು ತೆಗೀತೇನೆ.

ನನಗೆ ಅಂಗಡಿ ಉಂಟು, ಇಬ್ಬರು ಸಣ್ಣ ಮಕ್ಕಳು. ದಿನಕ್ಕೆ ಒಂದು ಗಂಟೆ ಸಿಕ್ಕಿದರೆ ಪುಣ್ಯ. ಆ ಒಂದು ಗಂಟೆಯಲ್ಲಿ ನಾನು ಅಜ್ಜಿಯ ಬಾಣಲೆ ಹುಡುಕಬೇಕಾ? ನನಗೆ ಕಥೆ ಬೇಕು. ಮುಂದೇನಾಯ್ತು ಅಂತ ಗೊತ್ತಾಗಬೇಕು. 163 ಗಂಟೆ ಆಡಿದವರು ದೊಡ್ಡ ರಸಿಕರು, 50 ಗಂಟೆಯಲ್ಲಿ ಮುಗಿಸಿದವನಿಗೆ ರುಚಿಯೇ ಗೊತ್ತಿಲ್ಲ ಅನ್ನುವುದು ಸರಿಯಲ್ಲ.

ಇನ್ನೊಂದು. ಕಥೆಯಲ್ಲಿ ಏನಾಗ್ತಾ ಉಂಟು ನೋಡಿ. ಮಗಳು ಕಾಣೆಯಾಗಿದ್ದಾಳೆ. ಅವಳ ಹಿಂದೆ ಪ್ರೇತ ಸೈನ್ಯ ಬಿದ್ದಿದೆ. ಅಪ್ಪ ಎಲ್ಲಿ? ಹೆಂಡದಂಗಡಿಯಲ್ಲಿ ಕೂತು ಗ್ವೆಂಟ್ ಅಂತ ಇಸ್ಪೀಟು ಆಡ್ತಾ ಇದ್ದಾನೆ! ನಮ್ಮೂರಲ್ಲಿ ಇಂಥ ಅಪ್ಪ ಇದ್ದರೆ ಜನ ಉಗೀತಿದ್ದರು. ನಿಧಾನವಾಗಿ ಆಡಿದಷ್ಟೂ ಕಥೆ ಸುಳ್ಳಾಗ್ತದೆ ಅಂತ ನನಗನ್ನಿಸ್ತದೆ.

ಯಕ್ಷಗಾನದಲ್ಲಿ ಇಡೀ ರಾತ್ರಿಯ ಬಯಲಾಟ ಹೋಗಿ ಕಾಲಮಿತಿ ಆಟ ಬಂದದ್ದು ಸುಮ್ನೆಯಾ? ಜನರಿಗೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು.

ಚೌಕಿಮೂಲೆ (ಮಧೂರು):

ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನವರೇ ಹೀಗೆ ಹೇಳಿದರೆ ನಾವೆಂತ ಮಾಡುವುದು!

ನಾನು ವಿಡಿಯೋ ಗೇಮ್ ಆಡುವುದು ಕಮ್ಮಿ, ಮಗ ಆಡುವುದು ನೋಡ್ತೇನೆ ಅಷ್ಟೆ. ಆದರೆ ನಮ್ಮಲ್ಲಿ ಆಟ ಅಂದರೆ ಮೊದಲು ಯಕ್ಷಗಾನವೇ ಅಲ್ವಾ, ಹಾಗಾಗಿ ಮಾತಾಡುವ ಹಕ್ಕು ನನಗೂ ಉಂಟು. ಸಣ್ಣವನಿರುವಾಗ ಅಜ್ಜನ ಜೊತೆ ಹೋಗ್ತಿದ್ದೆ. ಎಂಟು ಗಂಟೆಗೆಲ್ಲ ಹೋಗಿ ಚಾಪೆ ಹಾಸುವುದು. ಆಟ ಉಂಟು ಅಂತ ಸಾರುವ 'ಕೇಳಿ' ಬಾರಿಸುವುದರಿಂದ ಹಿಡಿದು, ಪೂರ್ವರಂಗ, ಬಾಲಗೋಪಾಲ ವೇಷ, ಎಲ್ಲ ನೋಡಬೇಕು ಅಜ್ಜನಿಗೆ. ಮುಖ್ಯ ವೇಷ ಬರುವಾಗ ನಡುರಾತ್ರಿ ದಾಟಿರ್ತಿತ್ತು. ನಾನು ಅಷ್ಟರಲ್ಲಿ ನಿದ್ದೆ. ಚೌಕಿಗೆ ಹೋಗಿ ಬಣ್ಣ ಹಾಕುವುದು ನೋಡಿ, ಕಡ್ಲೆ ತಿಂದು, ಮತ್ತೆ ನಿದ್ದೆ ಮಾಡಿ, ಚೆಂಡೆ ಜೋರಾದಾಗ ಎದ್ದರೆ ಯುದ್ಧ. ನಾನು ನೋಡಿದ್ದು ಅರ್ಧಕ್ಕರ್ಧ ಇಲ್ಲ. ಆದರೆ ಆ ರಾತ್ರಿ ಪೂರ್ತಿ ನನ್ನ ಹತ್ತಿರ ಉಂಟು.

ಮಗಳು ಕಾಣೆಯಾದಾಗ ಅಪ್ಪ ಇಸ್ಪೀಟು ಆಡುವ ವಿಷಯ. ಅರಸ ಯುದ್ಧಕ್ಕೆ ಹೊರಟು ನಿಂತಿರ್ತಾನೆ. ದೂತನನ್ನು ಕರೀತಾನೆ. ದೂತ ಅಂದರೆ ಹಾಸ್ಯಗಾರ. ಅವನು ಬಂದು ಅರ್ಧ ಗಂಟೆ ನಗಿಸ್ತಾನೆ. ಯಾರಾದರೂ ಎದ್ದು "ಯುದ್ಧ ಯಾವಾಗ?" ಅಂತ ಕೇಳ್ತಾರಾ? ಯುದ್ಧ ಕಾಯ್ತದೆ. ಅದಕ್ಕೆ ಕಾಯುವ ಅಭ್ಯಾಸ ಉಂಟು.

ಸುರಂಗಬಾವಲಿ (ಬಾಯಾರು):

ಯಕ್ಷಗಾನಕ್ಕೆ ಹೋಗಿ ಬಂದಾಯ್ತು, ಈಗ ನನ್ನ ಮಾನ ಹೋದ ಕಥೆ ಕೇಳಿ.

ನಮ್ಮದು ಸುರಂಗದ ಊರು. ಗೊತ್ತಿಲ್ಲದವರಿಗೆ: ಮುರಕಲ್ಲಿನ ಗುಡ್ಡಕ್ಕೆ ಅಡ್ಡಕ್ಕೆ ತೂತು ಕೊರೆದು ನೀರು ತರುವ ಬಿಲ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ನಮ್ಮನೆ ಹಿಂದೆ ಎರಡು ಉಂಟು. ಸಣ್ಣವರಿದ್ದಾಗ ಒಳಗೆ ಹೋದರೆ ಬೆನ್ನ ಮೇಲೆ ಪೆಟ್ಟು ಬೀಳ್ತಿತ್ತು. ಹಾಗಾಗಿ ಗುಹೆ ಅಂದರೆ ನನಗೆ ಭಯಕ್ಕಿಂತ ಆಸೆ ಜಾಸ್ತಿ.

ಎಲ್ಡೆನ್ ರಿಂಗ್ ತಗೊಂಡೆ, 2022ರ ಫೆಬ್ರವರಿಯಲ್ಲಿ ಬಂದಾಗಲೇ. ಆ ಆಟದಲ್ಲಿ ಹೀಗೆ ಹೋಗು, ಇದನ್ನು ಮಾಡು ಅಂತ ಪಟ್ಟಿಯೇ ಇಲ್ಲ. ಹೊರಗೆ ಕಾಲಿಟ್ಟ ತಕ್ಷಣ ಕುದುರೆ ಮೇಲೆ ಚಿನ್ನದ ಕವಚದ ಒಬ್ಬ ಸಿಗ್ತಾನೆ. ನಾನು ಅವನ ಹತ್ತಿರ ಇಪ್ಪತ್ತಾರು ಸಲ ಸತ್ತೆ. ಆಮೇಲೆ ತಲೆಗೆ ಹೋಯ್ತು, ಇವನನ್ನು ಬಿಟ್ಟು ಬಳಸಿಕೊಂಡು ಹೋದರೆ ಆಯ್ತಲ್ಲ! ಆಟ ಕಲಿಸಿದ ಮೊದಲ ಪಾಠ ಅದೇ. ಎದುರಿಗೆ ಬಂದದ್ದನ್ನೆಲ್ಲ ಆಗಲೇ ಮುಗಿಸಬೇಕು ಅಂತ ಇಲ್ಲ.

ಪಾಠ ಕಲಿತೆ ಅಂತ ಬೀಗಿಕೊಂಡು ಒಂದು ಹಾಳು ಕಟ್ಟಡದ ನೆಲಮಾಳಿಗೆಗೆ ಇಳಿದೆ. ಪೆಟ್ಟಿಗೆ ಇತ್ತು. ತೆರೆದೆ. ಹೊಗೆ ಬಂತು. ಕಣ್ಣು ಬಿಟ್ಟರೆ ಎಲ್ಲೋ ದೂರದ ಕೇಲಿಡ್ ಸೀಮೆಯ ಹರಳು ಗಣಿಯೊಳಗೆ ಬಿದ್ದಿದ್ದೇನೆ. ಅಲ್ಲಿಯವರು ಒಂದೇಟಿಗೆ ನನ್ನನ್ನು ಮುಗಿಸ್ತಾರೆ. ನಕ್ಷೆ ತೆರೆದು ಹಾರೋಣ ಅಂದರೆ ಗಣಿಯೊಳಗಿಂದ ಹಾರಲಿಕ್ಕೆ ಆಗುವುದಿಲ್ಲ, ನಡೆದೇ ಹೊರಬೀಳಬೇಕು. ನಾಲ್ಕು ರಾತ್ರಿ ಹಿಡೀತು ನನಗೆ. ಗೋಡೆ ಹಿಡಿದುಕೊಂಡು, ಕೂತು ಕೂತು, ಯಾರು ಯಾವಾಗ ಬೆನ್ನು ತಿರುಗಿಸ್ತಾರೆ ಅಂತ ನೋಡ್ತಾ. ಹೊರಗೆ ಬಂದರೆ ಆಕಾಶ ಕೆಂಪು, ನೆಲ ಕೊಳೆತು ಹೋಗಿದೆ, ಒಳಗಿಗಿಂತ ಹೊರಗೇ ಭಯ.

ಆಮೇಲೆ ಎಷ್ಟೋ ದೊಡ್ಡ ದೊಡ್ಡವರನ್ನು ಸೋಲಿಸಿದೆ. ಯಾವುದೂ ಸರಿಯಾಗಿ ನೆನಪಿಲ್ಲ. ಆ ನಾಲ್ಕು ರಾತ್ರಿ ಮಾತ್ರ ಎಡಕ್ಕೆಷ್ಟು ಹೆಜ್ಜೆ, ಬಲಕ್ಕೆಷ್ಟು ಅಂತ ಈಗಲೂ ಹೇಳಬಲ್ಲೆ.

ಪಯಸ್ವಿನಿದಡ (ಮುಳ್ಳೇರಿಯ):

ಇಪ್ಪತ್ತಾರು ಸಲ ಲೆಕ್ಕ ಇಟ್ಟದ್ದು ನೋಡಿ ಖುಷಿಯಾಯ್ತು.

ಕಾಲಮಿತಿಯವರೇ, ನಿಮ್ಮ ಮಾತಿನಲ್ಲಿ ಒಂದು ನನಗೆ ನಾಟಿತು. 163 ಗಂಟೆಯ ಬಗ್ಗೆ ಬೀಗುವಂಥದ್ದು ಏನೂ ಇಲ್ಲ. ನಿಜ ಹೇಳಬೇಕಂದ್ರೆ ಅದರಲ್ಲಿ ಒಂದು 40 ಗಂಟೆ ವ್ಯರ್ಥ. ಆಟದ ಮುಂದಿನ ಸೀಮೆ ವೆಲೆನ್‌ಗೆ ಬಂದಾಗ ನಕ್ಷೆ ತುಂಬ ಪ್ರಶ್ನೆ ಚಿಹ್ನೆ ಇತ್ತು. ಒಂದೊಂದನ್ನೇ ಅಳಿಸಬೇಕು ಅಂತ ಹಟ ಹಿಡಿದೆ. ಹೋಗು, ಕೊಲ್ಲು, ಪೆಟ್ಟಿಗೆ ತೆಗೆ, ಮುಂದಿನದು. ಮೂರು ವಾರ ಹೀಗೇ. ಅಡಿಕೆ ಸುಲಿಯುವ ಕೆಲಸದ ಹಾಗೆ ಆಯ್ತು. ಅಲ್ಲ, ಅಡಿಕೆ ಸುಲಿಯುವಾಗ ಮಾತಾಡಲಿಕ್ಕೆ ಜನ ಆದರೂ ಇರ್ತಾರೆ. ಬೇಜಾರು ಬಂದು ನಾಲ್ಕು ತಿಂಗಳು ಆಟವನ್ನೇ ಬಿಟ್ಟೆ.

ಆಗ ನಾನು ನಿಧಾನವಾಗಿ ಆಡ್ತಿದ್ದೇನೆ ಅಂದುಕೊಂಡಿದ್ದೆ. ಈಗ ನೋಡಿದ್ರೆ ಬಾವನಿಗಿಂತ ಜಾಸ್ತಿ ಅವಸರ ನನಗೇ ಇತ್ತು. ಅವರಿಗೆ ಕಥೆ ಮುಗಿಸುವ ಅವಸರ, ನನಗೆ ನಕ್ಷೆ ಮುಗಿಸುವ ಅವಸರ.

ತಲಪಾಡಿ ಬಸ್ಸು (ಮಂಜೇಶ್ವರ):

ಪ್ರಶ್ನೆ ಚಿಹ್ನೆ ಅಳಿಸುವವರಿಗೆ ನಿಂಟೆಂಡೊದವರು ಸರಿಯಾಗಿ ಬುದ್ಧಿ ಕಲಿಸಿದ್ದಾರೆ, ಗೊತ್ತುಂಟಾ?

ನನ್ನ ಹತ್ತಿರ ದುಬೈಯಿಂದ ಮಾವ ತಂದುಕೊಟ್ಟ ನಿಂಟೆಂಡೊ ಸ್ವಿಚ್ ಉಂಟು, ಕೈಯಲ್ಲಿ ಹಿಡಿದು ಗೇಮ್ ಆಡುವ ಯಂತ್ರ. ನಮ್ಮ ದೇಶದಲ್ಲಿ ಅದನ್ನು ಕಂಪನಿಯವರು ಮಾರಾಟಕ್ಕೇ ಬಿಟ್ಟಿರಲಿಲ್ಲ, ಗಲ್ಫ್ ಮಾವಂದಿರೇ ನಮಗೆ ಶೋರೂಮು. ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಮಂಗಳೂರಿನವರೆಗೆ ಆಟ. ಸಿಗದ ದಿನ ಇಲ್ಲ.

ಅದರಲ್ಲಿ ಝೆಲ್ಡಾ, ಬ್ರೆತ್ ಆಫ್ ದಿ ವೈಲ್ಡ್, 2017ರದ್ದು. ಆ ಲೋಕದಲ್ಲಿ ಕೊರೊಕ್ ಅಂತ ಎಲೆ ಮುಖದ ಸಣ್ಣ ಭೂತಗಳು ಅಡಗಿ ಕೂತಿರ್ತವೆ. ಕಲ್ಲು ಎತ್ತಿದರೆ ಒಂದು, ಮರದ ತುದಿಯಲ್ಲಿ ಒಂದು. ಒಟ್ಟು 900. ಒಂದೊಂದಕ್ಕೂ ಒಂದು ಬೀಜ ಕೊಡ್ತವೆ. ಸಾಮಾನಿನ ಚೀಲ ಪೂರ್ತಿ ದೊಡ್ಡದು ಮಾಡಲಿಕ್ಕೆ 441 ಸಾಕು. ಆದರೂ ಹಟ ಮಾಡಿ 900 ಹುಡುಕಿದರೆ ಬಹುಮಾನ ಏನು ಗೊತ್ತುಂಟಾ? ಚಿನ್ನದ ಬಣ್ಣದ ಒಂದು ಮುದ್ದೆ. ನೋಡಲಿಕ್ಕೆ... ಹೇಗೆ ಹೇಳುವುದು, ಊಟದ ಹೊತ್ತಲ್ಲಿ ಹೇಳುವಂಥದ್ದಲ್ಲ. ಸುರುಳಿ ಸುರುಳಿಯಾಗಿ ಉಂಟು.

ಮಾಡಿದವರೇ ನಗ್ತಾ ಇದ್ದಾರೆ. ಸಿಕ್ಕಷ್ಟು ಸಾಕು ಮಾರಾಯಾ ಅಂತ. ನನಗೆ ಸಿಕ್ಕಿದ್ದು 212. ಉಳಿದ 688 ಎಲ್ಲೋ ಕಲ್ಲಿನಡಿ ಸುಖವಾಗಿರಲಿ.

ಎರಡನೆಯಅಕ್ಷರ (ಬದಿಯಡ್ಕ):

ಯಾರೂ ಕಿಂಗ್ಡಮ್ ಕಮ್ ಡೆಲಿವರೆನ್ಸ್ ಹೆಸರು ಎತ್ತಲಿಲ್ಲ, ಹಾಗಾಗಿ ಬರೀತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

2018ರಲ್ಲಿ ಬಂದ ಆಟ, ಪ್ರಾಗ್‌ನವರು ಮಾಡಿದ್ದು. 1403ರ ಬೊಹೀಮಿಯಾ. ರಾಕ್ಷಸರಿಲ್ಲ, ಮಂತ್ರ ಇಲ್ಲ. ಹೆನ್ರಿ ಅಂತ ಕಮ್ಮಾರನ ಮಗ. ಅವನಿಗೆ ಕತ್ತಿ ಬೀಸಲಿಕ್ಕೆ ಬರುವುದಿಲ್ಲ. ಓದಲಿಕ್ಕೂ ಬರುವುದಿಲ್ಲ.

ಈ ಓದಲಿಕ್ಕೆ ಬಾರದ್ದನ್ನು ಅವರು ತೋರಿಸಿದ ರೀತಿ ನೋಡಿ. ಪುಸ್ತಕ ತೆರೆದರೆ ಅಕ್ಷರ ಎಲ್ಲ ಕಾಣ್ತವೆ. ಆದರೆ ಒಂದೊಂದು ಪದದೊಳಗೆ ಅಕ್ಷರಗಳು ಹಿಂದೆ ಮುಂದೆ ಆಗಿರ್ತವೆ. ನಿಮಗೆ ಓದು ಬರ್ತದೆ, ಆದರೆ ಹೆನ್ರಿಗೆ ಬರುವುದಿಲ್ಲವಲ್ಲ, ಹಾಗಾಗಿ ನಿಮಗೂ ಇಲ್ಲ. ಉಜಿತ್ಸ್ ಅನ್ನೋ ಹಳ್ಳಿಯ ಬರಹಗಾರನ ಹತ್ತಿರ ಹೋಗಿ ಪಾಠ ಹೇಳಿಸಿಕೊಳ್ಳಬೇಕು. ಆಮೇಲೆ ಬೆಂಚಿನಲ್ಲಿ ಕೂತು ಓದಿದಷ್ಟೂ ಪದಗಳು ಒಂದೊಂದಾಗಿ ನೆಟ್ಟಗಾಗ್ತಾ ಬರ್ತವೆ.

ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಮಲಯಾಳಂ ಕಿವಿಗೆ ಬಿದ್ದದ್ದು ಅರ್ಥ ಆಗ್ತಿತ್ತು. ಓದಲಿಕ್ಕೆ ಮಾತ್ರ ಬರ್ತಿರಲಿಲ್ಲ. ಇಪ್ಪತ್ತೊಂದನೇ ವಯಸ್ಸಿಗೆ ಒಂದು ಕಚೇರಿಯಲ್ಲಿ ಕೈಗೆ ಫಾರ್ಮ್ ಕೊಟ್ಟರು. ಪೂರ್ತಿ ಮಲಯಾಳಂ. ಹಿಂದೆ ಸಾಲು ನಿಂತಿದೆ. ಅಕ್ಷರಗಳು ಗುಂಡು ಗುಂಡಾಗಿ, ನಮ್ಮದರ ಹಾಗೇ ಉಂಟು, ನಮ್ಮದಲ್ಲ. ಪಕ್ಕದಲ್ಲಿದ್ದ ಹೆಂಗಸು ಪೆನ್ನು ತಗೊಂಡು ಬರೆದುಕೊಟ್ಟಳು. ಆಮೇಲೆ ಬಸ್ಸಿನ ಬೋರ್ಡು ನೋಡಿ ನೋಡಿ ಕಲಿತೆ. ಬಸ್ಸು ಎಲ್ಲಿಗೆ ಹೋಗ್ತದೆ ಅಂತ ಮೊದಲೇ ಗೊತ್ತಿದ್ದರೆ ಅಕ್ಷರ ತಾನಾಗಿ ಬಿಚ್ಚಿಕೊಳ್ತದೆ. ಎರಡು ವರ್ಷ ಹಿಡೀತು.

ಹಾಗಾಗಿ ಹೆನ್ರಿ ಬೆಂಚಿನಲ್ಲಿ ಕೂತಾಗ ನಾನು ಸಮಯ ಓಡಿಸಲಿಲ್ಲ. ಓಡಿಸಬಹುದಿತ್ತು.

ಇನ್ನು ಆ ಆಟದಲ್ಲಿ ಉಳಿಸುವ ವ್ಯವಸ್ಥೆ ಒಂದು ಪೀಡೆ. ಆಟದ ನಡುವೆ ನಾವಾಗಿ ಸೇವ್ ಮಾಡಬೇಕಿದ್ದರೆ ನಿಮ್ಮ ಹಾಸಿಗೆಯಲ್ಲಿ ಮಲಗಬೇಕು, ಇಲ್ಲ ಒಂದು ಬಗೆಯ ಹೆಂಡ ಕುಡೀಬೇಕು. ಜುಲೈ ತಿಂಗಳು, ಜೋರು ಮಳೆ, ಬೀಡಾಡಿ ಬೇಟೆಗಾರನ ಹಾಗೆ ಎರಡು ಗಂಟೆ ಕಾಡು ಅಲೆದಿದ್ದೆ. ಎಲ್ಲೋ ತೆಂಗಿನ ಮಡಲು ತಂತಿಗೆ ಬಿತ್ತು. ಕರೆಂಟು ಹೋಯ್ತು. ಎರಡು ಗಂಟೆಯೂ ಹೋಯ್ತು. ಮರುದಿನವೇ ಯುಪಿಎಸ್ ತಂದೆ. ಆ ಆಟ ಹಿಡಿಯುವವರು ಮೊದಲು ಯುಪಿಎಸ್ ತನ್ನಿ, ಆಮೇಲೆ ಗ್ರಾಫಿಕ್ಸ್ ಕಾರ್ಡ್.

ಕಾಲಮಿತಿ (ಕುಂಬಳೆ):

ಬದಿಯಡ್ಕದವರ ಫಾರ್ಮಿನ ಕಥೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೂ ಸೋತೆ ಅಂತ ತಿಳೀಬೇಡಿ. ಡ್ರ್ಯಾಗನ್ ಏಜ್ ಇನ್‌ಕ್ವಿಸಿಶನ್, 2014. ಮೊದಲ ದೊಡ್ಡ ಜಾಗ ಹಿಂಟರ್‌ಲ್ಯಾಂಡ್ಸ್. ಅಲ್ಲಿ ಕುರಿ ಮಾಂಸ ತಾ, ಕಂಬಳಿ ತಾ ಅಂತ ಕೆಲಸ ಮುಗಿಯುವುದೇ ಇಲ್ಲ. ನಾನೂ ಆಗ ನಿಮ್ಮ ಹಾಗೆಯೇ ನಿಧಾನಿ, ಮದುವೆ ಆಗಿರಲಿಲ್ಲ. ಮೂವತ್ತು ಗಂಟೆ ಅಲ್ಲೇ ಕೊಳೆತೆ. ಕಥೆ ಶುರುವಾಗುವ ಮೊದಲೇ ಸುಸ್ತಾಗಿ ಬಿಟ್ಟುಬಿಟ್ಟೆ. ನನ್ನಂಥವರು ಎಷ್ಟಿದ್ದರು ಅಂದ್ರೆ, ಮಾಡಿದವರೇ "ದಯವಿಟ್ಟು ಅಲ್ಲಿಂದ ಹೊರಡಿ, ಬೇಕಾದ್ರೆ ಆಮೇಲೆ ವಾಪಸ್ ಬನ್ನಿ" ಅಂತ ಹೇಳಬೇಕಾಯ್ತು.

ಪಯಸ್ವಿನಿದಡದವರ 40 ಗಂಟೆ, ನನ್ನ 30 ಗಂಟೆ, ಎರಡೂ ಒಂದೇ ಕಾಯಿಲೆ ಅಂತ ಕಾಣ್ತದೆ. ಒಪ್ಪುತ್ತೇನೆ. ಆದರೆ ನನಗೆ ಕಥೆ ಬೇಕು ಅನ್ನುವುದು ಕಾಯಿಲೆ ಅಲ್ಲ.

ಅಂದಹಾಗೆ, ವಿಚರ್‌ಗೆ ಮತ್ತೆ ಕೈ ಹಾಕಬೇಕು ಅಂತ ಉಂಟು. ದಿನಕ್ಕೆ ಒಂದು ಗಂಟೆ. ಹೇಗೆ ಆಡಲಿ, ಹೇಳಿ.

ಪಯಸ್ವಿನಿದಡ (ಮುಳ್ಳೇರಿಯ):

ಮಿನಿಮ್ಯಾಪ್ ಆಫ್ ಮಾಡಿ, ಮೊದಲು ಅದು. ಮೂಲೆಯ ಆ ವೃತ್ತ ಇರುವವರೆಗೆ ನಾವು ನೋಡುವುದು ಅದನ್ನೇ, ಊರನ್ನಲ್ಲ. ದೊಡ್ಡ ನಕ್ಷೆಯಲ್ಲಿ ಪ್ರಶ್ನೆ ಚಿಹ್ನೆಗಳನ್ನೂ ಮರೆ ಮಾಡಬಹುದು. ಸ್ಕೆಲಿಗೆಯ ಸಮುದ್ರದಲ್ಲಿ ತೇಲುವ ಪೆಟ್ಟಿಗೆಗಳಿಗೆ ಚಿಹ್ನೆ ರಾಶಿ ರಾಶಿ ಉಂಟಂತೆ, ಅದರ ತಂಟೆಗೇ ಹೋಗಬೇಡಿ ಅಂತ ಬಾವನೇ ಹೇಳಿದ್ದಾರೆ. ಅವರೂ ಒಂದು ಒಳ್ಳೆ ಮಾತು ಹೇಳ್ತಾರೆ ನೋಡಿ.

ನಿಮ್ಮ ಒಂದು ಗಂಟೆಗೆ ಹಳ್ಳಿಯ ನೋಟಿಸ್ ಬೋರ್ಡಿನ ಒಂದು ಚೀಟಿ ಸರಿಯಾಗ್ತದೆ. ಓದುವುದು, ಕೊಟ್ಟವರ ಹತ್ತಿರ ಕೂಲಿಗೆ ಚೌಕಾಶಿ ಮಾಡುವುದು, ಹೆಜ್ಜೆ ಗುರುತು ಹಿಡಿದು ಹೋಗುವುದು, ಮುಗಿಸುವುದು. ಒಂದು ಪ್ರಸಂಗ ಪೂರ್ತಿ ನೋಡಿದ ಹಾಗೆ. ಮರುದಿನ ಕಥೆ ಮುಂದುವರಿಸಿ.

ಸಣ್ಣ ಕೆಲಸ ಜಾಸ್ತಿ ಮಾಡಿದರೆ ನಿಮ್ಮ ಮಟ್ಟ ಮೇಲೇರಿ ಶತ್ರುಗಳು ಸಪ್ಪೆ ಆಗ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಶತ್ರುಗಳನ್ನೂ ನಿಮ್ಮ ಸಮಕ್ಕೆ ಏರಿಸುವ ಆಯ್ಕೆ ಉಂಟು, ಅದನ್ನು ಆನ್ ಮಾಡಿ.

ಒಂದು ಕಡೆ ಮಾತ್ರ ಹೆಚ್ಚು ಜಾಗ್ರತೆ. ಐಲ್ ಆಫ್ ಮಿಸ್ಟ್ಸ್ ಅನ್ನೋ ದ್ವೀಪಕ್ಕೆ ಹೋಗುವ ಮೊದಲು ಗೆಳೆಯ ಗೆಳತಿಯರ ಕೆಲಸ ಮುಗಿಸಿಕೊಳ್ಳಿ. ಆಮೇಲೆ ಅವು ತಪ್ಪಿಹೋಗ್ತವೆ. ಉಳಿದದ್ದು ಹೆಚ್ಚಿನದೆಲ್ಲ ಕಾಯ್ತದೆ.

ಆಮೇಲೆ ಎರಡು ಹೆಚ್ಚುವರಿ ಕಥೆ ಬೇರೆ ಉಂಟು, ಒಂದು 10 ಗಂಟೆ, ಇನ್ನೊಂದು 20 ಗಂಟೆ ಅಂತ ಕಂಪನಿಯವರ ಲೆಕ್ಕ. ನನ್ನ ಲೆಕ್ಕದಲ್ಲಿ ಅದು ನಿವೃತ್ತಿಯ ನಂತರ.

ಬೆಂಗಳೂರುಬಾವ:

ಯಾರೋ ಲಿಂಕ್ ಕಳಿಸಿದರು. ನನ್ನ ಬಗ್ಗೆ ಊರಿಡೀ ಬರೆದಾಗಿದೆ.

ನಾನೂ ಮೂರು ವಾರ ರಾತ್ರಿ ನಿದ್ದೆ ಬಿಟ್ಟು ಆಡಿದವನು. ಸ್ಕೆಲಿಗೆಯಲ್ಲಿ ಹಡಗು ಇಳಿದು ಮೊದಲ ಸಲ ಗುಡ್ಡ ಹತ್ತಿದಾಗ ಬೀಸುವ ಗಾಳಿ, ಅದರ ಜೊತೆ ಕೇಳುವ ಹಾಡು, ಅದನ್ನು ನೀನಿನ್ನೂ ಕೇಳಿಲ್ಲ. ಅದು ನಿನಗಾದ ನಷ್ಟ. ಇಷ್ಟು ಹೇಳಿ ಬಿಡ್ತೇನೆ.

ಇನ್ನೊಂದು. ನಿನ್ನೆ ಸುಮ್ನೆ ಹೊಸದಾಗಿ ಶುರು ಮಾಡಿ ನೋಡಿದೆ. ವೈಟ್ ಆರ್ಚರ್ಡ್ ಎರಡು ಸುತ್ತು ಹಾಕಿದೆ. ಎಲ್ಲಿ ಉಂಟು ನಿನ್ನ ಅಜ್ಜಿ?

ಪಯಸ್ವಿನಿದಡ (ಮುಳ್ಳೇರಿಯ):

ಬಾವ, ಕುದುರೆಯಿಂದ ಇಳೀರಿ. ಹೆಂಡದಂಗಡಿಯಿಂದ ಹೆಚ್ಚು ದೂರ ಇಲ್ಲ. ನಡೆದುಕೊಂಡು ಹೋದರೆ ಬಾಗಿಲು ಬಡಿಯುವುದು ಕೇಳ್ತದೆ.

ಬೆಂಗಳೂರುಬಾವ:

ಸಿಕ್ಕಿತು. ಅತ್ತೆಗೆ ಹೇಳು, ಬಾಣಲೆ ಹಾಳಾದದ್ದು ಹೌದು.